ಮಡಕೆ ಎತ್ತ ಕಡೆ ಸಾಗಿತು? ಕವಾಚಿಯ ಯಾತ್ರೆ ಮತ್ತು ಮಾರ್ಕಾಯಾದ ಚೂರುಗಳು

ಪೆರು ದೇಶದ ದಕ್ಷಿಣ ಕರಾವಳಿಯ ಮರಳುಗಾಡಿನಲ್ಲಿ, ನಾಸ್ಕ ನದಿಯ ದಂಡೆಯ ಮೇಲೆ ಕವಾಚಿ ಅಂತ ಒಂದು ಜಾಗ ಇದೆ. ನೆಲದ ಮೇಲೆ ಕೋತಿ, ಜೇಡ, ಹಕ್ಕಿಗಳ ದೈತ್ಯ ಗೆರೆಚಿತ್ರ ಬಿಡಿಸಿದರಲ್ಲ, ಅದೇ ನಾಸ್ಕ ಜನರ ಜಾಗ ಇದು. ಗೆರೆಚಿತ್ರಗಳು ಎಲ್ಲರಿಗೂ ಗೊತ್ತು, ಕವಾಚಿಯನ್ನು ಕೇಳಿದವರು ಕಡಿಮೆ. ಸುಮಾರು 150 ಹೆಕ್ಟೇರ್ ಜಾಗದಲ್ಲಿ 40ರಷ್ಟು ದಿಬ್ಬಗಳಿವೆ. ಅವು ಪೂರ್ತಿ ಮನುಷ್ಯರು ಕಟ್ಟಿದ್ದಲ್ಲ. ಅಲ್ಲಿದ್ದ ಗುಡ್ಡಗಳನ್ನೇ ಕಡಿದು, ಹಸಿ ಇಟ್ಟಿಗೆ ಇಟ್ಟು, ಮೆಟ್ಟಿಲು ಮೆಟ್ಟಿಲಾಗಿ ದೇವಾಲಯದ ರೂಪ ಕೊಟ್ಟಿದ್ದಾರೆ. ನಡುವೆ ದೊಡ್ಡ ದೊಡ್ಡ ಬಯಲು. ಕ್ರಿಸ್ತಶಕದ ಮೊದಲ ನಾಲ್ಕು ಶತಮಾನ ಇದರ ಒಳ್ಳೆಯ ಕಾಲ.

1952–53ರಲ್ಲಿ ಪುರಾತತ್ವಜ್ಞ ವಿಲಿಯಂ ಡಂಕನ್ ಸ್ಟ್ರಾಂಗ್ ಇಲ್ಲಿ ಅಗೆದಾಗ ಇದನ್ನು ನಾಸ್ಕ ಜನರ ರಾಜಧಾನಿ ಎಂದೇ ನೋಡಿದರು. ಇಷ್ಟು ದೊಡ್ಡದಿದೆ, ಅಂದಮೇಲೆ ಊರೇ ಇರಬೇಕು, ಅಲ್ವಾ? 1984–85ರಲ್ಲಿ ಹೆಲೇನ್ ಸಿಲ್ವರ್‌ಮನ್ ಬಂದು ಮತ್ತೆ ಅಗೆದರು. ಊರು ಅಂದರೆ ಏನೇನು ಸಿಗಬೇಕೋ ಅದು ಸಿಗಲಿಲ್ಲ. ದಿನಾ ಅಡುಗೆ ಮಾಡಿದ ಒಲೆ, ಮಣ್ಣಿನ ನೆಲದ ಮೇಲೆ ವರ್ಷಗಟ್ಟಲೆ ಬಿದ್ದ ಮನೆಯ ಕಸ, ಒತ್ತೊತ್ತಾಗಿ ಮನೆಗಳು, ಇವೆಲ್ಲ ತೀರಾ ಕಡಿಮೆ. ಸಿಕ್ಕಿದ್ದೆಲ್ಲ ಹರಕೆ, ಒಡೆದ ಬಣ್ಣದ ಮಡಕೆ, ಬಟ್ಟೆ, ಸಂಗೀತದ ವಾದ್ಯ. 1980ರ ದಶಕದಿಂದ ಅಲ್ಲಿ ಅಗೆಯುತ್ತಾ ಬಂದ ಇಟಲಿಯ ಜುಸೆಪ್ಪೆ ಒರೆಫಿಚಿ ತಂಡಕ್ಕೆ ಒಂದೇ ಕಡೆ 27 ಮಣ್ಣಿನ ಪ್ಯಾನ್‌ಪೈಪ್‌ಗಳು, ಅಂದರೆ ಹಲವು ಕೊಳವೆಗಳನ್ನು ಸಾಲಾಗಿ ಜೋಡಿಸಿದ ಕೊಳಲುಗಳು ಸಿಕ್ಕವು. ಎಲ್ಲವನ್ನೂ ಬೇಕೆಂದೇ ಮುರಿದು ಇಟ್ಟಿದ್ದರು.

ಸಿಲ್ವರ್‌ಮನ್ ಹೇಳಿದ್ದು ಇಷ್ಟು: ಇದು ಜನ ವಾಸ ಮಾಡುವ ಜಾಗವಲ್ಲ, ಜನ ಬಂದು ಹೋಗುವ ಜಾಗ. ಯಾತ್ರಾಸ್ಥಳ. ವರ್ಷದ ಬಹುಪಾಲು ಖಾಲಿ, ಹಬ್ಬಕ್ಕೆ ಮಾತ್ರ ತುಂಬುತ್ತದೆ. ಇದಕ್ಕೆ ಅವರು ಪಕ್ಕದ ಇಕಾ ಪ್ರದೇಶದ ಯಾವ್ಕಾದಲ್ಲಿ ಈಗಲೂ ನಡೆಯುವ ಮಾತೆ ಮೇರಿಯ ಯಾತ್ರೆಯನ್ನು ನೋಡಿ ಹೋಲಿಸಿದರು. ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮರುಭೂಮಿ ದಾಟಿ ಬರುತ್ತಾರೆ. ಹಬ್ಬಕ್ಕೆ ಮುಂಚೆ ಚರ್ಚಿನ ಮುಂದಿನ ಬಯಲನ್ನು ಗುಡಿಸುತ್ತಾರೆ. ನೆರಳಿಗೆ ಕಂಬ ನೆಟ್ಟು ಚಪ್ಪರ ಹಾಕುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ, ಮುಗಿದ ಮೇಲೆ ಹೊರಟುಬಿಡುತ್ತಾರೆ. ಉಳಿಯುವುದು ಕಂಬದ ಗುಳಿ, ಒಂದಿಷ್ಟು ಕಸ. ಕವಾಚಿಯ ಬಯಲುಗಳಲ್ಲೂ ಅಂಥ ಗುಳಿಗಳಿವೆ.

ಅಲ್ಲೇ ಯಾಕೆ ಅನ್ನುವುದಕ್ಕೂ ಒಂದು ಕಾರಣ ಕಣ್ಣಿಗೆ ಕಾಣುತ್ತದೆ. ನಾಸ್ಕ ನದಿ ನಡುವೆ ಒಂದಷ್ಟು ದೂರ ನೆಲದೊಳಗೆ ಇಳಿದು ಮಾಯವಾಗುತ್ತದೆ, ವರ್ಷದ ಬಹುಪಾಲು ಮೇಲೆ ಬರೀ ಮರಳು. ಕವಾಚಿ ಹತ್ತಿರ ಬಂದಾಗ ನೀರು ಮತ್ತೆ ಮೇಲಕ್ಕೆ ಬರುತ್ತದೆ. ಮಳೆಯೇ ಕಾಣದ ನೆಲದಲ್ಲಿ ಬೇಸಾಯ ಮಾಡಿಕೊಂಡಿರುವ ಜನಕ್ಕೆ ಇದಕ್ಕಿಂತ ದೊಡ್ಡ ಪವಾಡ ಬೇಕಾ?

ಇಲ್ಲಿವರೆಗೂ ಸರಿ. ಆದರೆ ಖಾಲಿ ಬಯಲು, ಕಂಬದ ಗುಳಿ, ಒಡೆದ ಕೊಳಲು ಇವೆಲ್ಲ ಇಲ್ಲಿ ಹಬ್ಬ ನಡೆಯುತ್ತಿತ್ತು ಅಂತ ಹೇಳುತ್ತವೆಯೇ ಹೊರತು ಬಂದವರು ಯಾರು, ಎಲ್ಲಿಂದ ಬಂದರು ಅಂತ ಹೇಳುವುದಿಲ್ಲ. ನಾಸ್ಕ ಜನಕ್ಕೆ ಬರವಣಿಗೆ ಇರಲಿಲ್ಲ. ಯಾತ್ರೆ ಅಂತ ಕರೆಯಬೇಕಾದರೆ ಎರಡು ತುದಿ ಬೇಕು, ಒಂದು ಗುಡಿ, ಇನ್ನೊಂದು ಯಾತ್ರಿಕನ ಮನೆ. ಎರಡನ್ನೂ ಕಟ್ಟುವ ದಾರ ಯಾವುದು?

ಆಂಡೀಸ್ ಪರ್ವತದ ಸೀಮೆಯಲ್ಲಿ ಈ ದಾರವನ್ನು ಮಾಮೂಲಾಗಿ ಹುಡುಕುವುದು ಗುಡಿಯ ಕಡೆಯಿಂದ. ಇದಕ್ಕೆ ಒಳ್ಳೆಯ ಉದಾಹರಣೆ ಉತ್ತರದ ಬೆಟ್ಟಸೀಮೆಯ ಚಾವಿನ್ ದೆ ವಾಂತರ್ ಅನ್ನುವ ದೇವಾಲಯ. ಕವಾಚಿಗಿಂತ ನೂರಾರು ವರ್ಷ ಹಳೆಯದು, ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. 1966ರಲ್ಲಿ ಲುಯಿಸ್ ಲುಂಬ್ರೆರಾಸ್ ಅಲ್ಲಿ ನೆಲದಡಿಯ ಒಂದು ಓಣಿಯನ್ನು ಕಂಡುಹಿಡಿದರು. ಅದರ ತುಂಬ ನೂರಾರು ಮಡಕೆಗಳು ಒಡೆದು ಬಿದ್ದಿದ್ದವು, ಜೊತೆಗೆ ಪ್ರಾಣಿಗಳ ಮೂಳೆ, ಕಡಲ ಚಿಪ್ಪು. ಒಂದೊಂದು ಮಡಕೆಯದು ಒಂದೊಂದು ಶೈಲಿ, ಕೆಲವಂತೂ ದೂರದ ಉತ್ತರ ಕರಾವಳಿಯ ಕುಪಿಸ್ನಿಕೆ ಮಡಕೆಗಳ ಹಾಗೇ ಇವೆ. ಆದರೆ ಶೈಲಿಯನ್ನು ನಂಬಿ ಊರು ಹೇಳುವುದು ಅಪಾಯ. ಒಂದು ಕಡೆಯ ಚಿತ್ತಾರವನ್ನು ಇನ್ನೊಂದು ಕಡೆಯ ಕುಂಬಾರ ನೋಡಿ ಬಿಡಿಸಬಹುದು. ಅದಕ್ಕೇ ಮಣ್ಣನ್ನು ಕೇಳಬೇಕಾಯಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಆ ಓಣಿಯ ಚೂರುಗಳನ್ನು ಪರೀಕ್ಷೆ ಮಾಡಿದರು. ಇಸಾಬೆಲ್ ದ್ರುಕ್ ಚಾವಿನ್‌ನ ಚೂರುಗಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಡಿ ಒಳಗಿನ ಕಲ್ಲಿನ ಕಣಗಳನ್ನು ನೋಡಿ, ರಾಸಾಯನಿಕ ಪರೀಕ್ಷೆಯನ್ನೂ ಮಾಡಿ, ಅಲ್ಲೇ ಮಾಡಿದ ಮಡಕೆ ಯಾವುದು, ಹೊರಗಿಂದ ಬಂದದ್ದು ಯಾವುದು ಅಂತ ಬೇರೆ ಮಾಡಿದರು. ಎರಡೂ ಇದ್ದವು. ಅಲ್ಲಿ ಮಡಕೆ ಗುಡಿಗೆ ಬಂದಿತ್ತು.

ನಾಸ್ಕದಲ್ಲಿ ಮಾತ್ರ ಕಥೆ ತಿರುಗಿಬಿತ್ತು. ಈ ಪ್ರಕರಣವನ್ನು ಬರೆಯುತ್ತಿರುವುದೇ ಅದಕ್ಕೆ.

ಮೊದಲು ಈ ಮಡಕೆಗಳ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಇವು ಸಾಮಾನ್ಯ ಮಡಕೆಗಳಲ್ಲ. ತಿಗರಿ ಇಲ್ಲದೆ ಕೈಯಲ್ಲೇ ಮಾಡಿದವು, ಆದರೂ ಅಂಚು ಮೊಟ್ಟೆಯ ಓಡಿನ ಹಾಗೆ ತೆಳ್ಳಗೆ. ಸುಡುವುದಕ್ಕೆ ಮುಂಚೆಯೇ ಬಣ್ಣದ ಮಣ್ಣನ್ನು ನೀರಲ್ಲಿ ಕದಡಿ ಬಳಿದು, ಉಜ್ಜಿ ಹೊಳಪು ತರಿಸುತ್ತಿದ್ದರು. ಕೆಂಪು, ಕಪ್ಪು, ಬಿಳಿ, ಕಿತ್ತಳೆ, ಬೂದು, ನೇರಳೆ ಹೀಗೆ ಒಂದೇ ಮಡಕೆಯ ಮೇಲೆ ಎಷ್ಟೋ ಬಣ್ಣ. ಚಿತ್ರಗಳು ಮೆಣಸಿನಕಾಯಿ, ಮೆಕ್ಕೆಜೋಳ, ಹಕ್ಕಿ, ಓರ್ಕಾ ತಿಮಿಂಗಿಲ, ಬಾಯಿಗೆ ಮುಖವಾಡ ಕಟ್ಟಿಕೊಂಡು ಕೈಯಲ್ಲಿ ಕತ್ತರಿಸಿದ ತಲೆ ಹಿಡಿದ ದೇವರಂಥ ಮನುಷ್ಯ. ಧರ್ಮದ ಪಾಠವೆಲ್ಲ ಮಡಕೆಯ ಮೈಮೇಲೆ ಇದೆ. ಇಂಥ ಸರಕು ದೊಡ್ಡವರ ಮನೆಗೆ, ಪೂಜಾರಿಗಳಿಗೆ, ಸಮಾಧಿಗೆ ಮಾತ್ರ ಸೇರಿದ್ದಿರಬೇಕು ಅಂತ ನೀವು ಅಂದುಕೊಂಡರೆ ಅದು ಸಹಜ.

ಈಗ ಇನ್ನೊಂದು ತುದಿ. ಕವಾಚಿಯಿಂದ ಮೇಲಕ್ಕೆ, ಬೆಟ್ಟದ ತಪ್ಪಲಿನಲ್ಲಿ, ತಿಯೆರ್ರಾಸ್ ಬ್ಲಾಂಕಾಸ್ ಕಣಿವೆಯಲ್ಲಿ ಮಾರ್ಕಾಯಾ ಅನ್ನುವ ಪುಟ್ಟ ಹಳ್ಳಿಯ ಅವಶೇಷ ಇದೆ. ಕಲ್ಲು ಜೋಡಿಸಿ ಕಟ್ಟಿದ ದುಂಡನೆಯ ಸಣ್ಣ ಮನೆಗಳು, ಅಂಗಳ. ದೇವಾಲಯ ಇಲ್ಲ, ಅರಮನೆ ಇಲ್ಲ. ಬೇಸಾಯ ಮಾಡಿಕೊಂಡು, ಒಂಟೆಯ ಜಾತಿಯ ಲಾಮಾ ಪ್ರಾಣಿ ಸಾಕಿಕೊಂಡು, ಬಟ್ಟೆಗೆ ನೂಲು ತೆಗೆದುಕೊಂಡು ಬದುಕಿದ ಜನ. ಕವಾಚಿ ತುಂಬಿ ತುಳುಕುತ್ತಿದ್ದ ಕಾಲದಲ್ಲೇ ಇದೂ ಇತ್ತು. 1990ರ ದಶಕದ ಕೊನೆಗೆ ಕೆವಿನ್ ವಾನ್ ಇಲ್ಲಿ ಮನೆ ಮನೆಯ ನೆಲವನ್ನು ಅಗೆದರು. ದೊಡ್ಡ ದೇವಾಲಯ ಬಿಟ್ಟು ಬಡವರ ಮನೆಯ ನೆಲ ಕೆರೆಯಲು ಹೋದದ್ದೇ ಇಡೀ ಕೆಲಸದ ಜಾಣತನ ಅಂತ ನನಗೆ ಅನಿಸುತ್ತದೆ.

ಅವರಿಗೆ ಸಿಕ್ಕಿದ್ದು ಬಣ್ಣದ ಮಡಕೆಯ ಚೂರುಗಳು. ಒಂದೆರಡು ಮನೆಯಲ್ಲಲ್ಲ, ಎಲ್ಲ ಮನೆಯಲ್ಲೂ. ಉಣ್ಣುವ ಬಟ್ಟಲುಗಳು ಎಲ್ಲರ ಹತ್ತಿರವೂ ಇದ್ದವು, ಕೆಲವು ವಿಶೇಷ ಆಕಾರದ ಪಾತ್ರೆಗಳು ಮಾತ್ರ ಸ್ವಲ್ಪ ದೊಡ್ಡ ಮನೆಗಳಲ್ಲಿ ಜಾಸ್ತಿ. ಆದರೆ ಆ ಬಣ್ಣದ ಮಡಕೆಗಳನ್ನು ಹಳ್ಳಿಯಲ್ಲೇ ಮಾಡಿದ್ದರು ಅನ್ನುವುದಕ್ಕೆ ಒಂದು ಗುರುತೂ ಇಲ್ಲ. ಬಣ್ಣದ ಮುದ್ದೆ ಇಲ್ಲ, ಸುಡುವಾಗ ಸೀಳಿ ಕೆಟ್ಟುಹೋದ ಮಡಕೆ ಇಲ್ಲ. ಹಾಗಾದರೆ ಬಂದದ್ದು ಎಲ್ಲಿಂದ?

ಚೂರುಗಳು ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಸಂಶೋಧನಾ ಪರಮಾಣು ರಿಯಾಕ್ಟರಿಗೆ ಹೋದವು. ಹೆಕ್ಟರ್ ನೆಫ್ ಆಗ ಅಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಮಾಡುವ ವಿಧಾನದ ಹೆಸರು ನ್ಯೂಟ್ರಾನ್ ಆಕ್ಟಿವೇಶನ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು ಅಂತ ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಫಲಿತಾಂಶವನ್ನು ಎಷ್ಟು ನಂಬಬೇಕು ಅಂತ ಗೊತ್ತಾಗುವುದಿಲ್ಲ.

ಮೊದಲು ಚೂರಿನ ಮೇಲ್ಮೈಯನ್ನು ಗಟ್ಟಿ ಉಜ್ಜುವ ತುದಿಯಿಂದ ಕೆರೆದು ತೆಗೆಯುತ್ತಾರೆ. ಬಣ್ಣ, ಲೇಪ, ಎರಡು ಸಾವಿರ ವರ್ಷ ಅಂಟಿಕೊಂಡ ಮರುಭೂಮಿಯ ಮಣ್ಣು ಎಲ್ಲ ಹೋಗಬೇಕು, ಒಳಗಿನ ಜೇಡಿಮಣ್ಣು ಮಾತ್ರ ಉಳಿಯಬೇಕು. ತೊಳೆದು, ಒಣಗಿಸಿ, ಅಗೇಟ್ ಕಲ್ಲಿನ ಒರಳಿನಲ್ಲಿ ಹಿಟ್ಟು ಮಾಡುತ್ತಾರೆ. ಕಬ್ಬಿಣದ ಒರಳಾದರೆ ಕಬ್ಬಿಣ ಸೇರಿಬಿಡುತ್ತದೆ, ಅದಕ್ಕೇ ಅಗೇಟ್. ಬೇಕಾಗುವುದು ಚಿಟಿಕೆಯಷ್ಟು, ಸುಮಾರು 150 ಮಿಲಿಗ್ರಾಂ ಒಂದು ಪ್ಲಾಸ್ಟಿಕ್ ಕುಪ್ಪಿಗೆ, 200 ಮಿಲಿಗ್ರಾಂ ಇನ್ನೊಂದು ಸ್ಫಟಿಕದ ಕೊಳವೆಗೆ. ಮೊದಲನೆಯದನ್ನು ರಿಯಾಕ್ಟರಿನಲ್ಲಿ ಬರೀ 5 ಸೆಕೆಂಡ್ ನ್ಯೂಟ್ರಾನ್‌ಗಳಿಗೆ ಒಡ್ಡುತ್ತಾರೆ. ಎರಡನೆಯದನ್ನು 24 ಗಂಟೆ. ನ್ಯೂಟ್ರಾನ್ ಹೊಕ್ಕ ಪರಮಾಣುಗಳಲ್ಲಿ ಕೆಲವು ವಿಕಿರಣ ಸೂಸಲು ಶುರು ಮಾಡುತ್ತವೆ. ಒಂದೊಂದು ಧಾತು ಹೊರಬಿಡುವ ಗಾಮಾ ಕಿರಣದ ಶಕ್ತಿ ಬೇರೆ ಬೇರೆ, ಆದ್ದರಿಂದ ಯಾವುದು ಎಷ್ಟಿದೆ ಅಂತ ಎಣಿಸಬಹುದು. ಅಲ್ಯೂಮಿನಿಯಂ, ಮ್ಯಾಂಗನೀಸ್ ಥರದವುಗಳ ವಿಕಿರಣ ಬೇಗ ಇಳಿದುಹೋಗುವುದರಿಂದ ಅವನ್ನು ಕೂಡಲೇ ಅಳೆಯಬೇಕು. ಲ್ಯಾಂಥನಂ, ಯುರೇನಿಯಂಗೆ ಒಂದು ವಾರ ಕಾಯುತ್ತಾರೆ. ಸ್ಕ್ಯಾಂಡಿಯಂ, ಕ್ರೋಮಿಯಂ, ಸೀಸಿಯಂ, ಹ್ಯಾಫ್ನಿಯಂ, ಥೋರಿಯಂಗೆ ಮೂರು ನಾಲ್ಕು ವಾರ. ಕೊನೆಗೆ ಒಂದೊಂದು ಚೂರಿಗೂ 33 ಧಾತುಗಳ ಪಟ್ಟಿ ಸಿಗುತ್ತದೆ. ಇದರಲ್ಲಿ ಬೆಲೆ ಜಾಸ್ತಿ ಇರುವುದು ಹತ್ತು ಲಕ್ಷಕ್ಕೆ ಒಂದೆರಡು ಪಾಲು ಇರುವ ಧಾತುಗಳಿಗೇ. ಕುಂಬಾರನಿಗೆ ಅವು ಇವೆ ಅಂತಲೇ ಗೊತ್ತಿಲ್ಲ, ಹಾಗಾಗಿ ಬೇಕೆಂದು ಸೇರಿಸುವುದಕ್ಕೂ ಆಗುವುದಿಲ್ಲ, ತೆಗೆಯುವುದಕ್ಕೂ ಆಗುವುದಿಲ್ಲ. ಅವು ಆ ಮಣ್ಣು ಯಾವ ಬಂಡೆ ಸವೆದು ಆಯಿತೋ ಆ ಬಂಡೆಯಿಂದ ಬಂದ ಗುರುತು.

ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮಾರ್ಕಾಯಾದ ಬಣ್ಣದ ಮಡಕೆಗಳಲ್ಲಿ ಬಹುಪಾಲು ಒಂದೇ ಗುಂಪಿಗೆ ಬಿದ್ದವು. ಬೇರೆ ಬೇರೆ ಮನೆ, ಬೇರೆ ಬೇರೆ ಚಿತ್ರ, ಬೇರೆ ಬೇರೆ ಆಕಾರ, ಆದರೆ ಮಣ್ಣಿನ ಗುರುತು ಮಾತ್ರ ಒಂದೇ. ಬಣ್ಣವಿಲ್ಲದ ಅಡುಗೆ ಮಡಕೆಗಳು ಹಾಗಲ್ಲ, ಅವುಗಳ ಗುರುತು ಜಾಸ್ತಿ ಚದುರಿತ್ತು. ಅಂದರೆ ಬಣ್ಣದ ಮಡಕೆಗಳನ್ನು ಮಾಡಿದ್ದು ಎಲ್ಲೋ ಒಂದು ಕಡೆ, ಹೆಚ್ಚೆಂದರೆ ಒಂದೆರಡು ಕಡೆ. ಅಲ್ಲಿಂದ ಹಳ್ಳಿಗೆ ಬಂದಿವೆ.

ಮುಂದೆ ವಾನ್ ಮತ್ತು ನೆಫ್ ಕಣಿವೆ ಕಣಿವೆ ಸುತ್ತಿ ಹಸಿ ಜೇಡಿಮಣ್ಣನ್ನೇ ಸಂಗ್ರಹಿಸಿದರು. ಆ ಮಣ್ಣುಗಳನ್ನೂ ರಿಯಾಕ್ಟರಿಗೆ ಕಳಿಸಿ, ಮಡಕೆಗಳ ಗುಂಪಿಗೆ ಯಾವುದು ಹೊಂದುತ್ತದೆ ಅಂತ ನೋಡಿದರು. 2004ರಲ್ಲಿ ಬಂದ ವರದಿಯನ್ನು ಅವರೇ ಆರಂಭಿಕ ಸಮೀಕ್ಷೆ ಅಂತ ಕರೆದಿದ್ದಾರೆ, ಆ ಎಚ್ಚರವನ್ನು ನಾವೂ ಇಟ್ಟುಕೊಳ್ಳಬೇಕು. ಆದರೆ ಬೆರಳು ತೋರಿಸಿದ್ದು ನಾಸ್ಕ ಕಣಿವೆಯತ್ತ, ಕವಾಚಿ ಇರುವ ಕಡೆಗೆ.

ಈಗ ಇದನ್ನು ಒಪ್ಪದವರ ಜಾಗದಲ್ಲಿ ಕೂತು ನೋಡೋಣ. ಮೊದಲ ತಕರಾರು: ಆ ಇಡೀ ಸೀಮೆಯ ನದಿಗಳು ಒಂದೇ ಬೆಟ್ಟಸಾಲಿನಿಂದ ಇಳಿದು ಬರುತ್ತವೆ, ಮಣ್ಣು ಎಲ್ಲ ಕಡೆ ಒಂದೇ ಥರ ಇದ್ದರೆ ಗುರುತು ಒಂದೇ ಬಂದದ್ದರಲ್ಲಿ ಏನು ವಿಶೇಷ? ಇದು ಗಟ್ಟಿ ಪ್ರಶ್ನೆ. ಇದಕ್ಕೆ ಉತ್ತರ ಅಡುಗೆ ಮಡಕೆಗಳಲ್ಲಿದೆ. ಮಣ್ಣು ಎಲ್ಲ ಕಡೆ ಒಂದೇ ಆಗಿದ್ದರೆ ಅವೂ ಒಂದೇ ಗುಂಪಿಗೆ ಬೀಳಬೇಕಿತ್ತು, ಬೀಳಲಿಲ್ಲ. ಪೂರ್ತಿ ಉತ್ತರ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅಡುಗೆ ಮಡಕೆ ಬೆಂಕಿಯ ಮೇಲೆ ಸೀಳಬಾರದು ಅಂತ ಕುಂಬಾರರು ಮಣ್ಣಿಗೆ ಮರಳು ಬೆರೆಸುತ್ತಾರೆ, ಆ ಮರಳೂ ಲೆಕ್ಕವನ್ನು ಒಂದಿಷ್ಟು ಚದುರಿಸುತ್ತದೆ. ಹಸಿ ಮಣ್ಣಿನ ಸಮೀಕ್ಷೆ ಬೇಕಾದದ್ದು ಅದಕ್ಕೇ.

ಎರಡನೆಯ ತಕರಾರು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಮಡಕೆ ಕವಾಚಿಯ ಕಡೆಯಿಂದ ಹಳ್ಳಿಗೆ ಬಂತು, ಸರಿ. ಹಳ್ಳಿಯವರು ಯಾತ್ರೆ ಹೋಗಿ ತಂದರು ಅಂತ ಯಾಕೆ ಹೇಳಬೇಕು? ವ್ಯಾಪಾರಿಯೊಬ್ಬ ಲಾಮಾಗಳ ಮೇಲೆ ಹೇರಿಕೊಂಡು ಬಂದು ಮಾರಿರಬಹುದಲ್ಲ? ಯಾರೋ ಮುಖಂಡ ಹಂಚಿರಬಹುದಲ್ಲ? ರಿಯಾಕ್ಟರ್ ಹೇಳುವುದು ಮಣ್ಣಿನ ಊರನ್ನು, ಹೊತ್ತವನ ಹೆಸರನ್ನಲ್ಲ. ಹಾಗಾಗಿ ಯಾತ್ರೆ ಅನ್ನುವ ತೀರ್ಮಾನ ರಸಾಯನಶಾಸ್ತ್ರ ಒಂದರಿಂದಲೇ ಹುಟ್ಟಿದ್ದಲ್ಲ. ಕವಾಚಿಯಲ್ಲಿ ಕಾಯಂ ವಾಸದ ಗುರುತು ಕಡಿಮೆ, ಆದರೂ ಅಲ್ಲಿ ಇಷ್ಟೊಂದು ಬಣ್ಣದ ಮಡಕೆ ಒಡೆದು ಬಿದ್ದಿದೆ. ಮಡಕೆಯ ಮೇಲೆ ದೇವರ ಚಿತ್ರಗಳಿವೆ. ಹಳ್ಳಿಯ ಎಲ್ಲ ಮನೆಯಲ್ಲೂ ಅದು ಇದೆ, ಸಿರಿವಂತನ ಮನೆಯಲ್ಲಿ ಮಾತ್ರ ಅಲ್ಲ. ಇವನ್ನೆಲ್ಲ ಒಟ್ಟಿಗೆ ಇಟ್ಟಾಗ ವಾನ್ ಹೇಳುವ ಚಿತ್ರ ನನಗೆ ಒಪ್ಪಿಗೆಯಾಗುತ್ತದೆ: ಹಬ್ಬಕ್ಕೆ ಕವಾಚಿಯಲ್ಲಿ ಜನ ಸೇರುತ್ತಾರೆ, ಅಲ್ಲಿ ಊಟ, ಕುಡಿತ, ಸಂಗೀತ ನಡೆಯುತ್ತದೆ, ಹೋಗುವಾಗ ಅಲ್ಲಿ ಮಾಡಿದ ಬಟ್ಟಲನ್ನು ಕೈಯಲ್ಲಿ ಹಿಡಿದು ಹೋಗುತ್ತಾರೆ. ನಮ್ಮಲ್ಲಿ ಜಾತ್ರೆಗೆ ಹೋದವರು ಪ್ರಸಾದ ತಂದು ಮನೆಮಂದಿಗೆ ಹಂಚುವ ಹಾಗೆ. ಒಂದು ವ್ಯತ್ಯಾಸ ಇದೆ, ಈ ಬಟ್ಟಲು ಮುಗಿದುಹೋಗುವುದಿಲ್ಲ, ಅದರಲ್ಲಿ ಮತ್ತೆ ಮತ್ತೆ ಉಣ್ಣಬಹುದು. ಉಣ್ಣುವಾಗಲೆಲ್ಲ ಅದರ ಮೇಲಿನ ದೇವರು ಎದುರಿಗೇ ಇರುತ್ತಾನೆ.

ಇದರಲ್ಲಿ ಅಧಿಕಾರದ ಲೆಕ್ಕವೂ ಇದೆ. ಸೈನ್ಯ ಇಲ್ಲ, ತೆರಿಗೆಯ ಗೋದಾಮು ಇಲ್ಲ, ಆದರೂ ಕಣಿವೆ ಕಣಿವೆಯ ಹಳ್ಳಿಗಳು ಒಂದೇ ದೇವರ ಚಿತ್ರವನ್ನು ಮನೆಯಲ್ಲಿಟ್ಟುಕೊಂಡಿದ್ದವು. ಆ ಚಿತ್ರವನ್ನು ಸರಿಯಾಗಿ ಬಿಡಿಸಬಲ್ಲವರು ಕೆಲವೇ ಜನ, ಅವರಿದ್ದದ್ದು ಕೆಲವೇ ಕಡೆ. ಚೆಂದದ ಬಟ್ಟಲು ಬೇಕಾದರೆ ಅಲ್ಲಿಗೇ ಹೋಗಬೇಕು. ಇಷ್ಟು ಮೆತ್ತಗೆ, ಇಷ್ಟು ಗಟ್ಟಿಯಾಗಿ ಜನರನ್ನು ಹಿಡಿದಿಟ್ಟುಕೊಂಡ ಗುಡಿಗಳು ಜಗತ್ತಿನಲ್ಲಿ ಜಾಸ್ತಿ ಇಲ್ಲ ಅನಿಸುತ್ತದೆ.

ಬಣ್ಣದ ಕಡೆಗೂ ಒಂದು ಮಾತು. ಇಂಹೆನಿಯೊ ಕಣಿವೆಯ ಮಿನಾ ಪ್ರಿಮಾವೆರಾದಲ್ಲಿ ಸುಮಾರು 2,000 ವರ್ಷ ಹಳೆಯ ಗಣಿಯೊಂದನ್ನು ವಾನ್ ತಂಡ ಅಧ್ಯಯನ ಮಾಡಿ 2007ರಲ್ಲಿ ವರದಿ ಮಾಡಿತು. ಬೆಟ್ಟದೊಳಗೆ ಕೈಯಲ್ಲೇ ಕೊರೆದ ಗುಹೆ, ಅದರಿಂದ ಹೊರತೆಗೆದದ್ದು 700 ಘನ ಮೀಟರ್, ತೂಕದಲ್ಲಿ 3,700 ಟನ್ ಆಸುಪಾಸು. ತೆಗೆದದ್ದು ಕೆಂಪು ಕಬ್ಬಿಣದ ಅದಿರು. ಕಬ್ಬಿಣ ಕರಗಿಸುವುದು ಆಂಡೀಸ್ ಜನಕ್ಕೆ ಗೊತ್ತಿರಲಿಲ್ಲ, ಆದ್ದರಿಂದ ಇದು ಬಣ್ಣಕ್ಕೇ ಇರಬೇಕು. ಮಡಕೆ, ಬಟ್ಟೆ, ಗೋಡೆ, ಮೈ ಯಾವುದಕ್ಕೆ ಬೇಕಾದರೂ ಆಗಬಹುದು. ಕಲ್ಲಿನ ಸುತ್ತಿಗೆ ಹಿಡಿದು ಅಷ್ಟು ಟನ್ ಕೆಂಪು ಮಣ್ಣು ತೆಗೆದ ಜನರಿಗೆ ಬಣ್ಣ ಅನ್ನುವುದು ಶೋಕಿ ಆಗಿರಲಿಲ್ಲ.

ಕ್ರಿ.ಶ. 400ರ ಹೊತ್ತಿಗೆ ಕವಾಚಿಯಲ್ಲಿ ಕಟ್ಟುವ ಕೆಲಸ ನಿಂತಿತು. ಪ್ರವಾಹ, ಭೂಕಂಪದ ಗುರುತುಗಳನ್ನು ಒರೆಫಿಚಿ ತೋರಿಸಿದ್ದಾರೆ. ಜನ ಸುಮ್ನೆ ಬಿಟ್ಟು ಹೋಗಲಿಲ್ಲ, ಹರಕೆ ಇಟ್ಟು, ದೇವಾಲಯಗಳನ್ನು ಮಣ್ಣಿನಿಂದ ಮುಚ್ಚಿ ಹೋದರು. ಆಮೇಲೂ ಅಲ್ಲಿ ಹೆಣ ಹೂಳುವುದು ಮುಂದುವರಿಯಿತು.

ಈ ಪ್ರಕರಣದಲ್ಲಿ ನನಗೆ ಇನ್ನೂ ಜಾಸ್ತಿ ಬೇಕು ಅನಿಸುವುದು ಉಲ್ಟಾ ದಿಕ್ಕಿನ ಲೆಕ್ಕ. ಯಾತ್ರಿಕರು ಬಟ್ಟಲನ್ನು ಕವಾಚಿಯಿಂದ ತಂದರು ಅಂತಾದರೆ, ಹೋಗುವಾಗ ಬರಿಗೈಯಲ್ಲಿ ಹೋಗಿರಲಾರರು. ದಿನಗಟ್ಟಲೆ ನಡೆಯುವ ಜನ ಬುತ್ತಿ ಒಯ್ಯುತ್ತಾರೆ, ಅಡುಗೆ ಮಾಡುವ ಮಡಕೆ ಒಯ್ಯುತ್ತಾರೆ. ಕವಾಚಿಯ ಬಯಲಲ್ಲಿ ಬಿದ್ದಿರುವ ಬಣ್ಣವಿಲ್ಲದ, ಮಸಿ ಹತ್ತಿದ ಚೂರುಗಳಲ್ಲಿ ಮಾರ್ಕಾಯಾದಂಥ ಹಳ್ಳಿಗಳ ಮಣ್ಣು ಕಂಡರೆ ಯಾತ್ರೆಯ ಎರಡೂ ಕಾಲು ಸಿಕ್ಕಿದ ಹಾಗೆ, ವ್ಯಾಪಾರಿಯ ವಾದವೂ ಅಲ್ಲಿಗೆ ಸಡಿಲವಾಗುತ್ತದೆ. ಅಗೆತದಲ್ಲಿ ಮೊದಲು ಕಣ್ಣು ಹೋಗುವುದು ಬಣ್ಣದ ಚೂರಿನ ಕಡೆಗೆ. ಈ ಪ್ರಶ್ನೆಗೆ ಬೇಕಾಗಿರುವುದು ಮಸಿ ಚೂರು.

ಅದೂ ಎಲ್ಲಿ ಬಿದ್ದಿತ್ತು ಅಂತ ಬರೆದಿಟ್ಟ ಚೂರು ಬೇಕು. ಕವಾಚಿಯ ಸುತ್ತಲಿನ ಸಮಾಧಿಗಳನ್ನು ಕಳ್ಳರು ಎಷ್ಟು ತೋಡಿದ್ದಾರೆ ಅಂದರೆ ನೆಲದ ಮೇಲೆ ಗುಳಿಗಳ ಪಕ್ಕ ಗುಳಿ, ಮೂಳೆ, ಹರಿದ ಬಟ್ಟೆ ಹರಡಿಕೊಂಡಿದೆ. ಅಲ್ಲಿಂದ ಹೋದ ಮಡಕೆಗಳು ದೇಶ ದೇಶದ ಸಂಗ್ರಹಾಲಯಗಳಲ್ಲಿವೆ, ಒಂದು ಬಿರುಕೂ ಇಲ್ಲದೆ ಹೊಳೆಯುತ್ತವೆ. ಅವುಗಳಿಂದಲೂ ಚಿಟಿಕೆ ಹಿಟ್ಟು ತೆಗೆದು ರಿಯಾಕ್ಟರಿಗೆ ಕಳಿಸಬಹುದು, ಮಣ್ಣಿನ ಗುಂಪು ಸಿಗುತ್ತದೆ. ಆದರೆ ಆ ಬಟ್ಟಲು ಪೂಜಾರಿಯ ಸಮಾಧಿಯಲ್ಲಿತ್ತೋ, ಬೆಟ್ಟದ ತಪ್ಪಲಿನ ಲಾಮಾ ಸಾಕುವವಳ ಒಲೆಯ ಪಕ್ಕದಲ್ಲಿತ್ತೋ, ಅದನ್ನು ಹೇಳಬಲ್ಲ ನೆಲವನ್ನು ಕಳ್ಳರು ತೋಡುವಾಗಲೇ ಕದಡಿಬಿಟ್ಟಿದ್ದಾರೆ. ಮಾರ್ಕಾಯಾದ ಚೂರುಗಳು ಒಡೆದಿದ್ದವು, ಮಾಸಿದ್ದವು, ಅಂಗೈಗಿಂತ ಸಣ್ಣವು. ಯಾವ ಮನೆಯ ಯಾವ ನೆಲದ ಮೇಲೆ ಸಿಕ್ಕವು ಅನ್ನುವ ದಾಖಲೆ ಇತ್ತು, ಅಷ್ಟರಿಂದಲೇ ಇಷ್ಟೂ ಹೇಳಲು ಸಾಧ್ಯವಾಯಿತು.